ಓದುಗರ ಪ್ರಶ್ನೆ: ಜೆಲ್‌ಗೆ ಕಾಣದ ಕೊಬ್ಬು

ಪ್ರಶ್ನೆ: ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮಾನವ ಎಫ್‌ಎಬಿಪಿ4 (ಕೊಬ್ಬಿನಾಮ್ಲ ಹಿಡಿಯುವ ಪ್ರೋಟೀನ್) ತಯಾರಿಸಿದ್ದೇವೆ. ಪ್ರೋಟೀನುಗಳನ್ನು ಅಣುತೂಕದಂತೆ ಬೇರ್ಪಡಿಸುವ ಜೆಲ್ ಮೇಲೆ 15 ಕಿಲೋಡಾಲ್ಟನ್ ಹತ್ತಿರ ಒಂದೇ ಪಟ್ಟಿ ಬರುತ್ತದೆ. ಆದರೂ ಓಲಿಯಿಕ್ ಆಮ್ಲ (ಒಂದು ಕೊಬ್ಬಿನಾಮ್ಲ) ಅದಕ್ಕೆ ಸರಿಯಾಗಿ ಅಂಟುತ್ತಿಲ್ಲ. ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳಿಗೆ ಹಾಕಿದರೆ ಉರಿಯೂತದ ಸಂಕೇತವಾದ ಟಿಎನ್‌ಎಫ್ ವಿಪರೀತ ಏರುತ್ತದೆ. ತಪ್ಪಿದ್ದೆಲ್ಲಿ?

ಉತ್ತರ: ಎರಡರ ಹಿಂದೆಯೂ ಕೊಬ್ಬೇ ಇರುವ ಸಂಭವ ಹೆಚ್ಚು, ಆದರೆ ಬೇರೆ ಬೇರೆ ಕೊಬ್ಬು. ಜೆಲ್‌ಗೆ ಹಾಕುವ ಕೂಮಾಸಿ ಬಣ್ಣ ತೋರಿಸುವುದು ಪ್ರೋಟೀನನ್ನು ಮಾತ್ರ, ಅದರ ಬೆನ್ನಿಗೆ ಅಂಟಿ ಬಂದದ್ದನ್ನಲ್ಲ.

ಮೊದಲು ಓಲಿಯಿಕ್ ಆಮ್ಲದ ವಿಚಾರ. ಕೊಬ್ಬಿನಾಮ್ಲ ಹಿಡಿಯುವುದೇ ಎಫ್‌ಎಬಿಪಿ4ರ ಕಸುಬು. ಬ್ಯಾಕ್ಟೀರಿಯಾದೊಳಗೆ ಹುಟ್ಟುವಾಗಲೇ ಅಲ್ಲಿನ ಕೊಬ್ಬಿನಾಮ್ಲವನ್ನು ಅದು ತುಂಬಿಕೊಂಡಿರುತ್ತದೆ. ಪ್ರೋಟೀನ್ ಶುದ್ಧ ಮಾಡುವ ನಿಕಲ್ ಕಾಲಮ್ಮಿಗಾಗಲಿ ಡಯಾಲಿಸಿಸ್‌ಗಾಗಲಿ ಆ ಕೊಬ್ಬಿನಾಮ್ಲ ಜಗ್ಗುವುದಿಲ್ಲ. ಕೊಬ್ಬಿನಾಮ್ಲ ಹೀರಿಕೊಳ್ಳುವ ಲಿಪಿಡೆಕ್ಸ್ ಕಾಲಮ್ ಮೂಲಕ 37 ಡಿಗ್ರಿಯಲ್ಲಿ ಹಾಯಿಸಿ. ಅಭ್ಯಾಸಬಲದಿಂದ ಕೋಲ್ಡ್ ರೂಮಿನಲ್ಲಿ ಹಾಯಿಸಿದರೆ ಬಿಡಿಯಾಗಿರುವ ಕೊಬ್ಬಿನಾಮ್ಲ ಮಾತ್ರ ಹೋಗಿ, ಪ್ರೋಟೀನ್ ಹಿಡಿದುಕೊಂಡದ್ದು ಹಾಗೇ ಉಳಿಯುತ್ತದೆ. ಖಾಲಿಯಾಯಿತೇ ಎಂದು ನೋಡಲು ಎಎನ್‌ಎಸ್ ಬಣ್ಣ ಸಾಕು: 370 ನ್ಯಾನೋಮೀಟರ್ ಬೆಳಕು ಬಿಟ್ಟು 470ರ ಆಸುಪಾಸಿನಲ್ಲಿ ಓದಿ. ಜಾಗ ಖಾಲಿಯಿದ್ದರೆ ಎಎನ್‌ಎಸ್ ಒಳಹೊಕ್ಕು ಹೊಳೆಯುತ್ತದೆ, ಆಮೇಲೆ ಓಲಿಯಿಕ್ ಆಮ್ಲ ಹಾಕಿದಂತೆ ಹೊಳಪು ಇಳಿಯುತ್ತದೆ. ಲಿಪಿಡೆಕ್ಸ್‌ಗೆ ಮೊದಲು, ನಂತರ ಎರಡೂ ಸಲ ಅಳೆಯಿರಿ.

ಟಿಎನ್‌ಎಫ್ ಏರುವುದಕ್ಕೆ ಮೊದಲ ಅನುಮಾನ ಎಂಡೋಟಾಕ್ಸಿನ್ ಮೇಲೆ. ಅದೂ ಬ್ಯಾಕ್ಟೀರಿಯಾ ಹೊದಿಕೆಯ ಕೊಬ್ಬೇ. 1 ಎಂಡೋಟಾಕ್ಸಿನ್ ಯೂನಿಟ್ ಅಂದರೆ ಸುಮಾರು 0.1 ನ್ಯಾನೋಗ್ರಾಂ, ಮ್ಯಾಕ್ರೋಫೇಜ್ ಕೆರಳಲು ಬಹಳ ಬೇಕಿಲ್ಲ. ಪ್ರೋಟೀನನ್ನು ಕುದಿಸಿ ಹೋಲಿಸುವ ಹಳೆಯ ಉಪಾಯವನ್ನು ಇಲ್ಲಿ ನೆಚ್ಚಬೇಡಿ: ಇಷ್ಟು ಪುಟ್ಟ ಪ್ರೋಟೀನ್ ತಣ್ಣಗಾದಾಗ ಮತ್ತೆ ಮಡಚಿಕೊಂಡೀತು. ಬದಲಿಗೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಪಾಲಿಮಿಕ್ಸಿನ್ ಬಿ ಹಾಕಿ ನೋಡಿ, ಅದು ಎಂಡೋಟಾಕ್ಸಿನ್ನನ್ನು ಕಟ್ಟಿಹಾಕುತ್ತದೆ. ಟಿಎನ್‌ಎಫ್ ಕುಸಿದರೆ ಕಳ್ಳ ಸಿಕ್ಕಂತೆ. ತೊಳೆಯುವುದು ನಿಕಲ್ ಕಾಲಮ್ಮಿನ ಮೇಲೇ ಆಗಲಿ. ಶೇ. 0.1 ಟ್ರೈಟಾನ್ ಎಕ್ಸ್-114 ಎಂಬ ಮಾರ್ಜಕ ಇರುವ ಬಫರ್ ಅನ್ನು 4 ಡಿಗ್ರಿಯಲ್ಲಿ ಕಾಲಮ್ಮಿನ ಗಾತ್ರದ 50 ಪಟ್ಟು ಹರಿಸಿ, ಬಳಿಕ ಟ್ರೈಟಾನ್ ಇಲ್ಲದ್ದನ್ನು 20 ಪಟ್ಟು. ಲಿಪಿಡೆಕ್ಸ್ ಇದಾದ ಮೇಲೆಯೇ. ಇಲ್ಲವಾದರೆ ಖಾಲಿ ಮಾಡಿದ ಜಾಗದಲ್ಲಿ ಟ್ರೈಟಾನ್ ಹೋಗಿ ಕೂತೀತು.

ಪ್ರಶ್ನೆ: ಒಣಪುಡಿಯ ಪ್ರೋಟೀನ್ ಕರಗಿಸುವಾಗ ಶೇ. 0.1 ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಿ ಎಂದು ಬರೆದಿದೆ. ಮಾಮೂಲಿ ಬಿಎಸ್‌ಎ ಆದೀತೇ?

ಉತ್ತರ: ಕೊಬ್ಬಿನ ಕೆಲಸಕ್ಕೆ ಆಗದು. ಲೆಕ್ಕ ಹಾಕಿ: ಶೇ. 0.1 ಅಂದರೆ ಮಿಲಿಲೀಟರಿಗೆ 1 ಮಿಲಿಗ್ರಾಂ, ಸುಮಾರು 15 ಮೈಕ್ರೋಮೋಲಾರ್. ಒಂದೊಂದು ಆಲ್ಬುಮಿನ್ ಅಣುವಿಗೂ ಕೊಬ್ಬಿನಾಮ್ಲ ಹಿಡಿಯುವ ಜಾಗ ಏಳರಷ್ಟು. ಒಟ್ಟು 100 ಮೈಕ್ರೋಮೋಲಾರ್ ದಾಟುತ್ತದೆ. ಅದೇ ಟ್ಯೂಬಿನಲ್ಲಿ ನಿಮ್ಮ ಎಫ್‌ಎಬಿಪಿ4 ಮಿಲಿಲೀಟರಿಗೆ 0.1 ಮಿಲಿಗ್ರಾಂ ಇದ್ದರೆ 7 ಮೈಕ್ರೋಮೋಲಾರೂ ಆಗದು. ಆಗ ನೀವು ಅಳೆಯುವುದು ಆಲ್ಬುಮಿನ್ನಿನ ಗುಣವನ್ನು! ಜೀವಕೋಶದ ಪ್ರಯೋಗಕ್ಕೆ ಕೊಬ್ಬಿನಾಮ್ಲ ತೆಗೆದ ಬಿಎಸ್‌ಎ ಬಳಸಿ. ಬೈಂಡಿಂಗ್ ಅಳತೆಗೆ ಯಾವ ಬಿಎಸ್‌ಎಯೂ ಬೇಡ.

ಪ್ರಶ್ನೆ: ಲೈಪೋಪ್ರೋಟೀನ್ ಲೈಪೇಸ್ (ರಕ್ತದ ಕೊಬ್ಬನ್ನು ಒಡೆಯುವ ಕಿಣ್ವ) ಮೊದಲ ಕೆಲವು ನಿಮಿಷ ಚುರುಕಾಗಿ ಕೆಲಸ ಮಾಡಿ ನಿಂತುಬಿಡುತ್ತದೆ. ಏಕೆ?

ಉತ್ತರ: ಈ ಕಿಣ್ವ ಬಲು ನಾಜೂಕು, 37 ಡಿಗ್ರಿಯಲ್ಲಿ ಮಡಿಕೆ ಬಿಚ್ಚಿಕೊಂಡು ಸತ್ತುಹೋಗುತ್ತದೆ. ಮಂಜುಗಡ್ಡೆಯ ಮೇಲೆ ಕರಗಿಸಿ, ಹೆಪಾರಿನ್ ಮತ್ತು ಗ್ಲಿಸರಾಲ್ ಜೊತೆಗಿಡಿ, ಒಂದೊಂದು ಪ್ರಯೋಗಕ್ಕಾಗುವಷ್ಟೇ ಹಂಚಿ -80 ಡಿಗ್ರಿಯಲ್ಲಿಡಿ. ಇನ್ನೊಂದು ಕಾರಣ, ಬಿಡುಗಡೆಯಾದ ಕೊಬ್ಬಿನಾಮ್ಲವೇ ಕಿಣ್ವವನ್ನು ತಡೆಯುವುದು. ಹಿಂದಿನ ಉತ್ತರದಲ್ಲಿ ಬೈದ ಆಲ್ಬುಮಿನ್ ಇಲ್ಲಿ ಬೇಕೇ ಬೇಕು, ಕೊಬ್ಬಿನಾಮ್ಲ ತೆಗೆದದ್ದು. ಈ ಕಿಣ್ವವನ್ನು ಚುರುಕುಗೊಳಿಸುವ ಅಪೋ ಸಿ-2 ಪ್ರೋಟೀನನ್ನೂ ಮರೆಯಬೇಡಿ.

ಪ್ರಶ್ನೆ: ರಕ್ತದ ಕೊಲೆಸ್ಟ್ರಾಲ್ ಏರಿಸುವ ಪಿಸಿಎಸ್‌ಕೆ9 ಪ್ರೋಟೀನನ್ನೂ ಇ. ಕೋಲೈಯಲ್ಲೇ ಮಾಡೋಣವೇ?

ಉತ್ತರ: ಬೇಡ, ಹೆಕ್ 293 ಎಂಬ ಮಾನವ ಕೋಶಗಳಲ್ಲಿ ಮಾಡಿ. 152ನೇ ಅಮೈನೋ ಆಮ್ಲದ ಬಳಿ ಅದು ತನ್ನನ್ನು ತಾನೇ ಕತ್ತರಿಸಿಕೊಳ್ಳಬೇಕು, ಕತ್ತರಿಸಿದ ತುಂಡೂ ಅಂಟಿಕೊಂಡೇ ಇರಬೇಕು. ಜೆಲ್ ಮೇಲೆ 62 ಕಿಲೋಡಾಲ್ಟನ್ ಬಳಿ ಒಂದು ಪಟ್ಟಿ, 14ರ ಹತ್ತಿರ ಇನ್ನೊಂದು ಇರಲಿ. 74ರಲ್ಲಿ ಒಂದೇ ಪಟ್ಟಿ ಕಂಡರೆ ಅದು ಕತ್ತರಿಸಿಕೊಂಡಿಲ್ಲ ಎಂದರ್ಥ, ಆ ಬ್ಯಾಚ್ ಚೆಲ್ಲಿ.