ಕೂರುವವರಿಲ್ಲದ ಕುರ್ಚಿಗೆ ಏನು ಮದ್ದು?

ಈ ಸಲದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಕೈಯಾರೆ ಮಾಡಿದ ಬೆಂಚು, ಕುರ್ಚಿಗಳನ್ನು ಬೀದಿಯಲ್ಲೋ ಪಾರ್ಕಿನಲ್ಲೋ ಇಟ್ಟು ಸುತ್ತಲಿನ ಜನರನ್ನು ಸೇರಿಸುವುದು ಹೇಗೆ ಅಂತ. ಒಟ್ಟಿಗೇ ಉತ್ತರಿಸಿಬಿಡುತ್ತೇನೆ.

ಪ್ರಶ್ನೆ: ಮರಗೆಲಸ ನನ್ನ ಹವ್ಯಾಸ. ಅನುಮತಿ ಪಡೆದು ಪಾರ್ಕಿಗೆ ಮೂರು ಕುರ್ಚಿ ಮಾಡಿಕೊಟ್ಟೆ. ವಿನ್ಯಾಸ, ಹಕ್ಕಿಗಳ ಕೆತ್ತನೆ, ಬಣ್ಣ, ಎಲ್ಲ ನಾನೇ. ಆರು ತಿಂಗಳಾಯಿತು. ಜನ ಫೋಟೊ ತೆಗೆಯುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ಆಮೇಲೆ ಹೋಗಿ ಪಕ್ಕದ ಸಿಮೆಂಟು ಕಟ್ಟೆ ಮೇಲೆ ಕೂರುತ್ತಾರೆ! ಎಲ್ಲಿ ತಪ್ಪಿದೆ?

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ ನೋಡಿ. 'ಎಲ್ಲ ನಾನೇ.' ಅಷ್ಟು ನಾಜೂಕಾಗಿ ಮುಗಿಸಿದ ಕುರ್ಚಿ ಕಂಡರೆ ಜನರಿಗೆ ಅದು ಇನ್ನೊಬ್ಬರ ಮನೆಯ ಸಾಮಾನು ಅನ್ನಿಸುತ್ತದೆ. ಹಕ್ಕಿಯ ಕೊಕ್ಕಿಗೆ ಬೆನ್ನು ಒರಗಿಸಲು ಯಾರಿಗೆ ತಾನೇ ಮನಸ್ಸು ಬಂದೀತು? ಒರಗಿದರೆ ಚುಚ್ಚುತ್ತದೆ, ಅದೂ ಇದೆ.

ಅಮೆರಿಕದ ವಿಲಿಯಂ ವೈಟ್ ಅವರು 1970ರ ದಶಕದಲ್ಲಿ ನ್ಯೂಯಾರ್ಕಿನ ಬಯಲು ಜಾಗಗಳಲ್ಲಿ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಕೂರುವುದಿಲ್ಲ ಅಂತ ವರ್ಷಗಟ್ಟಲೆ ನೋಡಿದವರು. ಅವರು ಗಮನಿಸಿದ ಒಂದು ಸಂಗತಿ ನನಗೆ ಬಹಳ ಇಷ್ಟ. ಎತ್ತಿಡಬಹುದಾದ ಕುರ್ಚಿ ಸಿಕ್ಕರೆ ಜನ ಕೂರುವ ಮೊದಲು ಅದನ್ನು ಒಂದೆರಡು ಇಂಚು ಸರಿಸುತ್ತಾರೆ. ಬಿಸಿಲಿಗೂ ಅಲ್ಲ, ನೆರಳಿಗೂ ಅಲ್ಲ, ಸುಮ್ನೆ. ಕೆಲವರು ಸರಿಸಿ ಮತ್ತೆ ಮೊದಲಿದ್ದ ಕಡೆಗೇ ತರುತ್ತಾರಂತೆ. ಕುರ್ಚಿ ಈಗ ನನ್ನದು ಅಂತ ಮನಸ್ಸಿಗೆ ಖಾತ್ರಿ ಮಾಡಿಕೊಳ್ಳುವ ರೀತಿ ಅದು, ಅಲ್ವಾ? ಅದೇ ಊರಿನ ಬ್ರಯಾಂಟ್ ಪಾರ್ಕ್ 1992ರಲ್ಲಿ ದುರಸ್ತಿಯಾಗಿ ಮತ್ತೆ ತೆರೆದಾಗ ಹಗುರ ಕುರ್ಚಿಗಳನ್ನು ಎಲ್ಲೂ ಕಟ್ಟಿಹಾಕದೆ ಹಾಗೇ ಬಿಟ್ಟರು. ಅಲ್ಲಿ ಈಗಲೂ ಅದೇ ಪದ್ಧತಿ.

ನಿಮ್ಮ ಕುರ್ಚಿಗಳನ್ನು ನೆಲಕ್ಕೆ ಬೋಲ್ಟ್ ಹಾಕಿದ್ದೀರಾ, ಯಾವ ಕಡೆಗೆ ಮುಖ ಮಾಡಿ ಇಟ್ಟಿದ್ದೀರಾ ಅಂತ ಬರೆದಿಲ್ಲ. ಜನ ಓಡಾಡುವ ದಾರಿಗೆ ಬೆನ್ನು ಹಾಕಿದ್ದರೆ ಮೊದಲು ಅದನ್ನು ತಿರುಗಿಸಿ. ಕೂತವರಿಗೆ ನೋಡಲು ಮನುಷ್ಯರು ಬೇಕು. ಆಮೇಲೆ ಒಂದು ವಾರ ಆ ಸಿಮೆಂಟು ಕಟ್ಟೆಯ ಹತ್ತಿರವೇ ಹೋಗಿ ಕೂತುಕೊಳ್ಳಿ, ಅಲ್ಲಿ ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಪಕ್ಕದಲ್ಲಿ ಏನು ಇಟ್ಟುಕೊಳ್ಳುತ್ತಾರೆ ನೋಡಿ, ನಾಲ್ಕನೇ ಕುರ್ಚಿಯನ್ನು ಅವರನ್ನೇ ಕೇಳಿ ಮಾಡಿ.

ಪ್ರಶ್ನೆ: ಎಲ್ಲರೂ ಸೇರಿ ಬೆಂಚು ಮಾಡೋಣ ಅಂತ ಕರೆದೆವು. ಇಪ್ಪತ್ತು ಜನ ಬಂದರು. ಉಳಿ ಹಿಡಿಯಲು ಬರುತ್ತಿದ್ದವರು ಮೂವರು. ಉಳಿದವರು ಕೈಕಟ್ಟಿ ನೋಡಿದರು. ಮುಂದಿನ ಸಲ ಏನು ಮಾಡಲಿ?

ಉತ್ತರ: ಉಳಿಯನ್ನೇ ಬಿಟ್ಟುಬಿಡಿ. ಇಟಲಿಯ ವಿನ್ಯಾಸಕಾರ ಎಂಜೊ ಮಾರಿ 1974ರಲ್ಲಿ ಬರೀ ಹಲಗೆ, ಮೊಳೆ, ಸುತ್ತಿಗೆಯಿಂದ ಯಾರು ಬೇಕಾದರೂ ಮಾಡಬಹುದಾದ ಮೇಜು, ಕುರ್ಚಿ, ಮಂಚಗಳ ನಕ್ಷೆ ಬರೆದರು. ಅಂಚೆ ಖರ್ಚು ಕಳಿಸಿದವರಿಗೆ ನಕ್ಷೆ ಪುಕ್ಕಟೆ. ಮಾಡಿದ ಮೇಲೆ ಫೋಟೊ ಕಳಿಸಿ ಅಂತಲೂ ಕೇಳಿದ್ದರು. ಸ್ವಂತ ಕೈಯಿಂದ ಒಂದು ಕುರ್ಚಿ ಮಾಡಿದವನಿಗೆ ಕುರ್ಚಿ ಅಂದರೇನು ಅಂತ ಗೊತ್ತಾಗುತ್ತದೆ ಅನ್ನೋದು ಅವರ ಲೆಕ್ಕ.

ನಾವೂ ಒಮ್ಮೆ ಹೀಗೆ ಮಾಡಿದ್ದೆವು. ಕತ್ತರಿಸುವುದು, ತೂತು ಕೊರೆಯುವುದನ್ನೆಲ್ಲ ಹಿಂದಿನ ದಿನವೇ ಮುಗಿಸಿ, ಉಜ್ಜುವುದು, ಜೋಡಿಸುವುದು, ಎಣ್ಣೆ ಹಚ್ಚುವುದನ್ನು ಮಾತ್ರ ಜನರಿಗೆ ಬಿಟ್ಟೆವು. ಒಬ್ಬ ಹುಡುಗ ಸ್ಯಾಂಡ್‌ಪೇಪರ್ ಹಿಡಿದು ಒಂದೇ ಹಲಗೆಯ ಒಂದೇ ಮೂಲೆಯನ್ನು ಮುಕ್ಕಾಲು ಗಂಟೆ ಉಜ್ಜಿದ, ನಡುನಡುವೆ ಹಲಗೆಗೆ ಕೆನ್ನೆ ಒತ್ತಿ ನುಣುಪಾಯಿತಾ ಅಂತ ನೋಡುತ್ತಿದ್ದ. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ಅರ್ಧ ಜೋಡಿಸಿದ ಬೆಂಚಿನ ಮೇಲೆ ಕೂತೇಬಿಟ್ಟರು. 'ಕೂತಿದ್ದೇನೋ ಆಯ್ತು, ಏಳಿಸೋಕೆ ಯಾರು ಬರ್ತೀರಾ?' ಅಂದರು. ಅಳೆದರೆ ಎತ್ತರ 38 ಸೆಂಟಿಮೀಟರ್. ಕಾಲುಗಳನ್ನು ಬದಲಿಸಿ 45ಕ್ಕೆ ಏರಿಸಿದೆವು, ಕೈ ಊರಿ ಏಳಲು ಎರಡೂ ತುದಿಗೆ ಹಿಡಿ ಕೊಟ್ಟೆವು. ಒಂದು ದಿನದ ಕೆಲಸ ಹೆಚ್ಚಾಯಿತು, ನಮ್ಮ ತಂಡದಲ್ಲಿ ಇಬ್ಬರು ಗೊಣಗಿದರು. ಆದರೆ ಆ ಅಜ್ಜಿ ಮಾರನೇ ದಿನ ಇನ್ನಿಬ್ಬರನ್ನು ಕರೆದುಕೊಂಡು ಬಂದರು, 'ಈ ಹಿಡಿ ನಾನು ಹೇಳಿ ಹಾಕಿಸಿದ್ದು' ಅಂತ ತೋರಿಸಲು.

ಪ್ರಶ್ನೆ: ಬಯಲಲ್ಲಿಡುವ ಮರಕ್ಕೆ ಯಾವ ಪಾಲಿಶ್ ಒಳ್ಳೆಯದು?

ಉತ್ತರ: ಮಿರಿಮಿರಿ ವಾರ್ನಿಷ್ ಬೇಡ. ಬಿಸಿಲಿಗೆ ಬಿರುಕು ಬಿಡುತ್ತದೆ, ಸಂದಿಯಲ್ಲಿ ನೀರು ಸೇರಿ ಹೊಪ್ಪಳೆಯ ಹಾಗೆ ಏಳುತ್ತದೆ, ಮತ್ತೆ ಹಚ್ಚಬೇಕಾದರೆ ಪೂರ್ತಿ ಕೆರೆಯಬೇಕು. ಹೊರಗಿನ ಮರಕ್ಕೆ ಅಂತಲೇ ಬರುವ ಎಣ್ಣೆ ಸಾಕು, ವರ್ಷಕ್ಕೊಮ್ಮೆ ಬಟ್ಟೆಯಲ್ಲಿ ಸವರಬಹುದು. ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅಗಸೆ ಎಣ್ಣೆಯಾದರಂತೂ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು, ಬಿಡಿಸಿ ಒಣಹಾಕಿ. ಪಾಲಿಶಿಗಿಂತ ಮುಖ್ಯ ಕಾಲಿನ ತುದಿ. ಮರ ನೀರು ಹೀರುವುದು ಜಾಸ್ತಿ ಅಡ್ಡ ಕೊಯ್ದ ತುದಿಯಿಂದಲೇ, ಅದು ಮಣ್ಣಿಗೆ ತಾಗದಂತೆ ಕೆಳಗೆ ಕಲ್ಲು ಕೊಡಿ. ಹಲಗೆಗಳ ನಡುವೆ ಸ್ವಲ್ಪ ಸಂದು, ಸ್ಟೇನ್‌ಲೆಸ್ ಸ್ಕ್ರೂ. ಇಷ್ಟೇ.

ಪ್ರಶ್ನೆ: ಬೆಂಚಿನ ಪಕ್ಕ 'ಸಾರ್ವಜನಿಕ ಕಲಾಕೃತಿ' ಅಂತ ಬೋರ್ಡ್ ಹಾಕಬೇಕೆಂದಿದ್ದೆವು. ಅಷ್ಟರಲ್ಲಿ ಯಾರೋ ಅದರ ಮೇಲೆ ಹೆಸರು ಕೆತ್ತಿದ್ದಾರೆ. ಬೇಜಾರಾಗಿದೆ.

ಉತ್ತರ: ಬೋರ್ಡ್ ಹಾಕಬೇಡಿ. ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಮನಸ್ಸು ಸರಿಯಿಲ್ಲದವರ ಜೊತೆ ಮರದ ಬೆಂಚಿನ ಮೇಲೆ ಕೂತು ಮಾತಾಡುವ ಏರ್ಪಾಡು ಶುರು ಮಾಡಿದರು. ಮೊದಲು ಅದಕ್ಕೆ 'ಮಾನಸಿಕ ಆರೋಗ್ಯದ ಬೆಂಚು' ಅಂತ ಹೆಸರಿಟ್ಟಿದ್ದರು. ಯಾರೂ ಹತ್ತಿರ ಸುಳಿಯಲಿಲ್ಲ. ಅಜ್ಜಿಯರ ಮಾತು ಕೇಳಿ 'ಗೆಳೆತನದ ಬೆಂಚು' ಅಂತ ಬದಲಿಸಿದರು, ಜನ ಬಂದರು. ನಿಮ್ಮ ಬೆಂಚಿಗೂ ಕೂರುವವರೇ ಏನಾದರೊಂದು ಹೆಸರು ಇಟ್ಟುಕೊಳ್ಳುತ್ತಾರೆ ಬಿಡಿ.

ಕೆತ್ತಿದ್ದಕ್ಕೆ ನಾನಂತೂ ಬೇಜಾರು ಪಡುವುದಿಲ್ಲ. ಬೈಗುಳವಾದರೆ ಉಜ್ಜಿ ತೆಗೆಯಿರಿ. ಬರೀ ಹೆಸರಾದರೆ, ಕೊರೆದ ಕಡೆ ನೀರು ನಿಲ್ಲುತ್ತದೆ, ಆ ಅಕ್ಷರಗಳ ಒಳಗೂ ಚೂರು ಎಣ್ಣೆ ಇಳಿಯುವ ಹಾಗೆ ಸವರಿ.