ಓದುಗರ ಪ್ರಶ್ನೆ, ನಮ್ಮ ಉತ್ತರ: ಗದ್ದುಗೆ ಬದಲಾದಾಗ ಅಫೀಮಿನ ನೀತಿ

ಪ್ರಶ್ನೆ (ಮುಲುಂಡಿನ ಓದುಗರೊಬ್ಬರು): ಅಮೆರಿಕದ ಬೆಂಬಲವಿದ್ದ ಸರ್ಕಾರಕ್ಕೆ ಇಪ್ಪತ್ತು ವರ್ಷಗಳಲ್ಲಿ ನಿಲ್ಲಿಸಲಾಗದ ಅಫೀಮು ಬೆಳೆಯನ್ನು ಅಫ್ಘಾನಿಸ್ತಾನದ ತಾಲಿಬಾನ್ ಒಂದೇ ಆಜ್ಞೆಯಿಂದ ನಿಲ್ಲಿಸಿತಂತೆ. ಇದು ಧರ್ಮಶ್ರದ್ಧೆಯೋ, ರಾಜಕೀಯವೋ?

ಉತ್ತರ: ಧರ್ಮಶ್ರದ್ಧೆಯೊಂದೇ ಕಾರಣವಾಗಿದ್ದರೆ, 1996ರಲ್ಲಿ ಕಾಬೂಲನ್ನು ಹಿಡಿದ ತಾಲಿಬಾನ್ ನಿಷೇಧ ಹೊರಡಿಸಲು 2000ದ ಜುಲೈವರೆಗೆ ಕಾಯುತ್ತಿರಲಿಲ್ಲ. ಆ ನಡುವಿನ ವರ್ಷಗಳಲ್ಲಿ ಅದು ಬೆಳೆಗಾರರಿಂದ ಬೆಳೆಯ ಹತ್ತನೇ ಒಂದು ಪಾಲಿನ ತೆರಿಗೆಯನ್ನು ನಿಶ್ಚಿಂತೆಯಿಂದ ವಸೂಲು ಮಾಡುತ್ತಿತ್ತು. ಆಗ ಅದನ್ನು ಸರ್ಕಾರವೆಂದು ಮಾನ್ಯ ಮಾಡಿದ್ದು ಪಾಕಿಸ್ತಾನ, ಸೌದಿ ಅರೇಬಿಯ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ಮಾತ್ರ. ಮೇಲೆ ವಿಶ್ವಸಂಸ್ಥೆಯ ದಿಗ್ಬಂಧನವೂ ಇತ್ತು, ಆದ್ದರಿಂದ ಹೊರಗಿನ ಮಾನ್ಯತೆಯ ಅಗತ್ಯ ಅದಕ್ಕಿತ್ತು. ತಾಲಿಬಾನ್ ನಾಯಕ ಮುಲ್ಲಾ ಒಮರ್ ಆಜ್ಞೆ ಹೊರಡಿಸಿದ ಮರುವರ್ಷವೇ ಸುಮಾರು 82,000 ಹೆಕ್ಟೇರಿನ ಬೆಳೆ 8,000 ಹೆಕ್ಟೇರಿಗೆ ಇಳಿಯಿತು. ಉಳಿದದ್ದರಲ್ಲಿ ಬಹುಪಾಲು ವಿರೋಧಿ ಪಡೆಗಳ ಹಿಡಿತದಲ್ಲಿದ್ದ ಬದಖ್‌ಶಾನ್ ಪ್ರಾಂತದ್ದಾಗಿತ್ತು.

2001ರ ಕೊನೆಯಲ್ಲಿ ತಾಲಿಬಾನ್ ಉರುಳಿದ ಮೇಲೆ ಅಮೆರಿಕದ ಬೆಂಬಲದಿಂದ ಸರ್ಕಾರದ ಮುಖ್ಯಸ್ಥರಾಗಿ ಬಂದ ಹಮೀದ್ ಕರ್ಜಾಯಿ ಕೂಡ 2002ರ ಜನವರಿಯಲ್ಲೇ ಅಫೀಮನ್ನು ನಿಷೇಧಿಸಿದರು. ಅದೇ ವರ್ಷ ಬೆಳೆ 74,000 ಹೆಕ್ಟೇರಿಗೆ ಮರಳಿತು. ಕಾಬೂಲಿನಲ್ಲಿ ಕುಳಿತ ಹೊಸ ಸರ್ಕಾರ ಪ್ರಾಂತಗಳಲ್ಲಿ ಯಾವ ಸ್ಥಳೀಯ ದಳಪತಿಗಳ ಹೆಗಲ ಮೇಲೆ ನಿಂತಿತ್ತೋ, ಅವರಲ್ಲಿ ಅನೇಕರ ಆದಾಯವೇ ಅಫೀಮಾಗಿತ್ತು. ಅವರನ್ನು ಎದುರು ಹಾಕಿಕೊಂಡು ಕಾನೂನು ಜಾರಿ ಮಾಡುವ ಶಕ್ತಿ ಅದಕ್ಕೆ ಎಂದೂ ಬರಲಿಲ್ಲ. ಅಧಿಕಾರದ ಹೊರಗಿದ್ದ ತಾಲಿಬಾನ್ ಅದೇ ಬೆಳೆಗೆ ತೆರಿಗೆ ಹಾಕಿ ಯುದ್ಧದ ಖರ್ಚು ನೀಗಿಸಿಕೊಂಡಿತು.

2021ರಲ್ಲಿ ಮತ್ತೆ ಗದ್ದುಗೆ ಏರಿದ ಮೇಲೆ, 2022ರ ಏಪ್ರಿಲ್‌ನಲ್ಲಿ ತಾಲಿಬಾನಿನ ಸರ್ವೋಚ್ಚ ನಾಯಕ ಹಿಬತುಲ್ಲಾ ಅಖುಂದ್‌ಜಾದಾ ಎರಡನೆಯ ನಿಷೇಧ ಸಾರಿದರು. ಹೊಲದಲ್ಲಿ ನಿಂತಿದ್ದ ಆ ಸಾಲಿನ ಬೆಳೆಯನ್ನು ಕೊಯ್ಯಲು ಬಿಟ್ಟರು. ಮುಂದಿನ ಬಿತ್ತನೆಗೆ ಬಿಡಲಿಲ್ಲ. ವಿಶ್ವಸಂಸ್ಥೆಯ ಸಮೀಕ್ಷೆಯ ಪ್ರಕಾರ 2,33,000 ಹೆಕ್ಟೇರು 2023ರಲ್ಲಿ 10,800ಕ್ಕೆ ಇಳಿದಿತ್ತು. ರೈತರ ಅಫೀಮಿನ ಆದಾಯ ಸುಮಾರು 136 ಕೋಟಿ ಡಾಲರಿನಿಂದ 11 ಕೋಟಿಗೆ ಕುಸಿಯಿತು. ಆದರೆ ನಿಷೇಧಕ್ಕೆ ಮುಂಚೆ ಕಿಲೋಗೆ ನೂರು ಡಾಲರಿನ ಆಸುಪಾಸಿನಲ್ಲಿದ್ದ ದರ 2024ರ ಹೊತ್ತಿಗೆ ಏಳುನೂರನ್ನು ದಾಟಿತ್ತು. ಅಂದರೆ ಹಳೆಯ ದಾಸ್ತಾನು ಇಟ್ಟುಕೊಂಡಿದ್ದ ದೊಡ್ಡ ರೈತನಿಗೂ ವ್ಯಾಪಾರಿಗೂ ನಿಷೇಧವೇ ಸುಗ್ಗಿಯಾಯಿತು, ಗೇಣಿಗೆ ಹೊಲ ಹಿಡಿದವನಿಗೆ ಮಾತ್ರ ಹೊಡೆತ ಬಿತ್ತು. 2024ರ ಮೇ ತಿಂಗಳಲ್ಲಿ ಪೈರು ನಾಶಮಾಡಲು ಹೋದವರನ್ನು ಜನ ತಡೆದು ಪ್ರಾಣಹಾನಿಯಾದದ್ದು ಮತ್ತೆ ಬದಖ್‌ಶಾನಿನಲ್ಲಿ. ಅಲ್ಲಿನವರು ಹೆಚ್ಚಾಗಿ ತಾಜಿಕರು, ತಾಲಿಬಾನಿನ ನೆಲೆ ಪಶ್ತೂನರಲ್ಲಿ ಎಂಬುದನ್ನು ಗಮನಿಸಬೇಕು. ಹೊಸ ಸರ್ಕಾರದ ಅಫೀಮು ನೀತಿಯನ್ನು ಅಳೆಯುವಾಗ ಆಜ್ಞೆಯ ಒಕ್ಕಣೆಗಿಂತ, ನಷ್ಟವನ್ನು ಯಾರ ತಲೆಗೆ ಕಟ್ಟಲಾಗಿದೆ ಎಂಬುದನ್ನು ನೋಡುವುದು ಲೇಸೆಂದು ನಾನು ಭಾವಿಸುತ್ತೇನೆ.

ಪ್ರಶ್ನೆ (ವಾಶಿಯಿಂದ ಒಬ್ಬ ಗೃಹಿಣಿ): ಹಬ್ಬದ ಪಾಯಸಕ್ಕೆಂದು ಮುಂಬಯಿಯ ಮಸೀದಿ ಬಂದರಿನ ಪೇಟೆಯಲ್ಲಿ ಗಸಗಸೆ ಕೊಳ್ಳಲು ಹೋದರೆ ಅಂಗಡಿಯವರು "ಇದು ಟರ್ಕಿ ಮಾಲು" ಎನ್ನುತ್ತಾರೆ. ಗಸಗಸೆ ಬರುವ ಅಫೀಮಿನ ಗಿಡವನ್ನು ಆ ದೇಶ ಮುಕ್ತವಾಗಿ ಬೆಳೆಯಲು ಬಿಟ್ಟಿದೆಯೇ?

ಉತ್ತರ: ಮುಕ್ತವಾಗಿ ಅಲ್ಲ, ಪರವಾನಗಿಯ ಮೇಲೆ. ಅದರ ಹಿಂದೆಯೂ ಎರಡು ಸರ್ಕಾರಗಳ ಕಥೆಯಿದೆ. 1971ರ ಮಾರ್ಚಿನಲ್ಲಿ ಸೇನೆಯ ಒತ್ತಡದಿಂದ ಚುನಾಯಿತ ಸರ್ಕಾರ ಇಳಿದು ನಿಹಾತ್ ಎರಿಮ್ ಪ್ರಧಾನಿಯಾದರು. ಅಮೆರಿಕದ ಅಧ್ಯಕ್ಷ ನಿಕ್ಸನ್ ಒತ್ತಾಯಕ್ಕೆ ಮಣಿದು, ಪರಿಹಾರಧನದ ಭರವಸೆ ಪಡೆದು, ಅದೇ ಜೂನ್‌ನಲ್ಲಿ ಅವರು ಸಂಪೂರ್ಣ ನಿಷೇಧವನ್ನು ಪ್ರಕಟಿಸಿದರು. ಅಫೀಮು ಬೆಳೆಯುವ ಅಫ್ಯೋನ್ ಪ್ರಾಂತದ ರೈತರ ಮತವನ್ನು ಕೇಳಬೇಕಾಗಿಲ್ಲದ ಸರ್ಕಾರಕ್ಕೆ ಇದು ಸುಲಭವಾಗಿತ್ತು. 1973ರ ಚುನಾವಣೆಯ ನಂತರ ಬಂದ ಪ್ರಧಾನಿ ಬುಲೆಂತ್ ಎಜೆವಿತ್ ಅವರಿಗೆ ಆ ಮತ ಬೇಕಿತ್ತು, ವಾಷಿಂಗ್ಟನ್ನಿಗೆ ತಲೆಬಾಗುವುದಿಲ್ಲವೆಂದು ತೋರಿಸಿಕೊಳ್ಳುವುದೂ ಬೇಕಿತ್ತು; 1974ರ ಜುಲೈ 1ರಂದು ನಿಷೇಧ ತೆರವಾಯಿತು. ಮೆಚ್ಚಬೇಕಾದದ್ದು ಆಮೇಲಿನ ಏರ್ಪಾಟು: ಹಸಿ ಕಾಯಿಗೆ ಗೀರು ಹಾಕಿ ಅಫೀಮಾಗುವ ಹಾಲು ತೆಗೆಯುವುದನ್ನು ನಿಲ್ಲಿಸಿ, ಒಣಗಿದ ಕಾಯಿಯನ್ನು ಸರ್ಕಾರವೇ ಕೊಂಡು ಕಾರ್ಖಾನೆಯಲ್ಲಿ ಮಾರ್ಫಿನ್ ಎಂಬ ನೋವಿನ ಔಷಧವನ್ನು ತೆಗೆಯತೊಡಗಿತು. ಕಳ್ಳಸಾಗಣೆಗೆ ಬೇಕಾದ ಅಂಟೇ ಹೊಲದಲ್ಲಿ ಸಿಗದಂತಾಯಿತು, ಕಾಳು ರೈತನಿಗೆ ಉಳಿಯಿತು. ನಿಮ್ಮ ಪಾಯಸಕ್ಕೆ ಬರುವುದು ಆ ಕಾಳು. ಕೊಲ್ಲಿ ದೇಶಗಳಿಗೆ ಹೊರಟ ಮಕ್ಕಳ ಚೀಲದಲ್ಲಿ ಮಾತ್ರ ಇದನ್ನು ಹಾಕಬೇಡಿ. ದುಬೈಯಲ್ಲಿ ಗಸಗಸೆ ಕಾಳೂ ನಿಷಿದ್ಧ ವಸ್ತು.

ಪ್ರಶ್ನೆ (ಡೊಂಬಿವಲಿಯ ನಿವೃತ್ತ ಅಧ್ಯಾಪಕರೊಬ್ಬರು): ಸ್ವತಂತ್ರ ಭಾರತದ ಹೊಸ ಸರ್ಕಾರ ಗಾಂಧೀಜಿಯವರ ಪಾನನಿರೋಧವನ್ನು ನಂಬಿತ್ತು. ಹೆಂಡದ ವಿಷಯದಲ್ಲಿ ಸೋತ ನಾವು ಅಫೀಮಿನಲ್ಲಿ ಹೇಗೆ ಗೆದ್ದೆವು?

ಉತ್ತರ: ಗೆದ್ದೆವು ಎಂಬ ಮಾತು ಸ್ವಲ್ಪ ದೊಡ್ಡದಾಯಿತು, ಆದರೆ ಪ್ರಶ್ನೆ ಸರಿಯಾಗಿದೆ. ಸಂವಿಧಾನದ 47ನೇ ವಿಧಿ ಮದ್ಯ ಮತ್ತು ಮಾದಕ ವಸ್ತುಗಳೆರಡನ್ನೂ ಒಂದೇ ವಾಕ್ಯದಲ್ಲಿ ಹೇಳುತ್ತದೆ. ಮುಂಬಯಿ ಪ್ರಾಂತದ 1949ರ ಪಾನನಿರೋಧ ಕಾಯಿದೆಯ ವ್ಯಾಪ್ತಿಯಲ್ಲಿ ಅಫೀಮೂ ಇತ್ತು. ಅದೇ ವರ್ಷ ಅಖಿಲ ಭಾರತ ಅಫೀಮು ಸಮ್ಮೇಳನ, ಔಷಧಕ್ಕಲ್ಲದ ಬಳಕೆಯನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಲು ನಿರ್ಧರಿಸಿತು. 1959ರ ಮಾರ್ಚ್ ಅದರ ಗಡುವಾಗಿತ್ತು. ಮುಂದೆ ಹಲವು ರಾಜ್ಯಗಳು ಮದ್ಯದ ನಿಷೇಧವನ್ನು ಒಂದೊಂದಾಗಿ ಸಡಿಲಿಸಿದವು, ಅಫೀಮಿನ ಅಂಗಡಿಯನ್ನು ಮತ್ತೆ ತೆರೆಯಲಿಲ್ಲ.

ಕಾರಣ ಬೊಕ್ಕಸದಲ್ಲಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಮಧ್ಯ ಭಾರತದ ಮಾಳವದ ಅಫೀಮು ಮುಂಬಯಿ ಬಂದರಿನಿಂದ ಚೀನಾಕ್ಕೆ ಹೋಗುತ್ತಿದ್ದಾಗ ಅದರ ಸುಂಕ ಬ್ರಿಟಿಷ್ ಆಡಳಿತದ ದೊಡ್ಡ ಆದಾಯಗಳಲ್ಲಿ ಒಂದಾಗಿತ್ತು. ಚೀನಾದ ವ್ಯಾಪಾರ 1913ರಲ್ಲಿ ನಿಂತಿತು, ಉಳಿದ ಪೂರ್ವದೇಶಗಳದ್ದು 1935ರ ಹೊತ್ತಿಗೆ ಮುಗಿಯಿತು. ನೆಹರೂ ಸರ್ಕಾರ ಬಿಟ್ಟುಕೊಡಬೇಕಾಗಿದ್ದ ಹಣ ಅಷ್ಟರಲ್ಲೇ ಬಹಳ ಕಡಿಮೆಯಾಗಿತ್ತು. ಮದ್ಯದ ಅಬಕಾರಿ ಆದಾಯವಾದರೋ ರಾಜ್ಯಗಳ ಜೀವನಾಡಿ. ಜೊತೆಗೆ ಅಫೀಮಿನ ಬೇಸಾಯ ಕೇಂದ್ರದ ಪಟ್ಟಿಯಲ್ಲಿದ್ದು, ಮದ್ಯ ರಾಜ್ಯಗಳ ಪಟ್ಟಿಯಲ್ಲಿದೆ.

ಹಾಗೆಂದು ರಾಜಕೀಯ ದೂರವಾಗಿಲ್ಲ. ಔಷಧಕ್ಕಾಗಿ ಪರವಾನಗಿಯ ಮೇಲೆ ಅಫೀಮು ಬೆಳೆಯುವ ಮಧ್ಯಪ್ರದೇಶದ ಮಂದಸೌರ್, ನೀಮಚ್, ರಾಜಸ್ಥಾನದ ಚಿತ್ತೋಡಗಢದ ಕಡೆ ಫೆಬ್ರವರಿ-ಮಾರ್ಚ್‌ನಲ್ಲಿ ರೈತರು ಮಧ್ಯಾಹ್ನ ಕಾಯಿಗೆ ಗೀರು ಹಾಕಿ, ಮರುದಿನ ಬೆಳಗ್ಗೆ ಕಂದುಬಣ್ಣಕ್ಕೆ ತಿರುಗಿದ ಹಾಲನ್ನು ಕೆರೆದು, ಊರಿನ ಬೆಳೆಗಾರರ ಮುಖಂಡನಾದ ಲಂಬರ್‌ದಾರನ ಮುಂದೆ ತೂಗಿಸಿ ವಹಿಯಲ್ಲಿ ಬರೆಸುತ್ತಾರೆ. ನಿಗದಿಪಡಿಸಿದ ಇಳುವರಿ ಬಾರದಿದ್ದರೆ ಮುಂದಿನ ಸಾಲಿಗೆ ಗೀರು ಹಾಕುವ ಪಟ್ಟಾ, ಅಂದರೆ ಪರವಾನಗಿ, ಕೈತಪ್ಪಬಹುದು. ಆ ಮಿತಿಯನ್ನು ಹಣಕಾಸು ಸಚಿವಾಲಯ ಪ್ರತಿ ಸಾಲಿಗೂ ಗೊತ್ತುಮಾಡುವುದರಿಂದ, ಅಲ್ಲಿನ ಸಂಸದರು ಯಾವ ಪಕ್ಷದವರಾಗಿರಲಿ, ಮಿತಿ ಇಳಿಸಿ, ರದ್ದಾದ ಪಟ್ಟಾಗಳನ್ನು ಮರಳಿಸಿ ಎಂದು ದೆಹಲಿಯ ಬಾಗಿಲು ತಟ್ಟುತ್ತಲೇ ಇರುತ್ತಾರೆ.