ನಿಮ್ಮ ಲೇಖನ ವಾಪಸ್ ಕಳಿಸುತ್ತಿದ್ದೇನೆ, ಎರಡನೇ ಹೆಜ್ಜೆಯಿಂದ ಮತ್ತೆ ಬರೆಯಿರಿ

ನಮಸ್ಕಾರ.

ಮನೆಯಿಲ್ಲದವರಿಗೆ ನೆರವಾಗಲು ಡಿಸೈನ್ ಥಿಂಕಿಂಗ್ (ಬಳಸುವ ಜನರಿಂದ ಶುರು ಮಾಡಿ ಹಂತ ಹಂತವಾಗಿ ಪರಿಹಾರ ಹುಡುಕುವ ವಿಧಾನ) ಬಳಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ನಿಮ್ಮ ಕಾಳಜಿ ನಿಜವಾದದ್ದು, ಭಾಷೆಯೂ ಸಲೀಸಾಗಿದೆ. ಎಲ್ಲಿ ಜಾರಿದೆ ಅನ್ನುವುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನೀವು ಬರೆದಿದ್ದು ಇಷ್ಟು. ಮೊದಲಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿಸೈನ್ ಸಂಸ್ಥೆ ಡಿ.ಸ್ಕೂಲ್ ಹೇಳಿಕೊಡುವ, ಈ ವಿಧಾನದ ಐದು ಹೆಜ್ಜೆಗಳ ಪರಿಚಯ: ಜನರನ್ನು ಅರಿಯುವುದು, ಸಮಸ್ಯೆ ಏನೆಂದು ಗುರುತಿಸುವುದು, ಉಪಾಯ ಹುಡುಕುವುದು, ಮಾದರಿ ಮಾಡುವುದು, ಅದನ್ನು ಪರೀಕ್ಷಿಸುವುದು. ಆಮೇಲೆ ಗೆಳೆಯರ ಜೊತೆ ನಡೆಸಿದ ವರ್ಕ್‌ಶಾಪ್, ಗೋಡೆ ತುಂಬಾ ಬಣ್ಣದ ಚೀಟಿಗಳು. ಕೊನೆಗೆ ಮೂರು ಉಪಾಯ: ಬೆನ್ನಿಗೆ ಹಾಕಿಕೊಳ್ಳುವ ಮಡಚುವ ಟೆಂಟು, ಆಶ್ರಯ ಕೇಂದ್ರದಲ್ಲಿ ಎಷ್ಟು ಹಾಸಿಗೆ ಖಾಲಿ ಇದೆ ಅಂತ ತೋರಿಸುವ ಆ್ಯಪ್, ಉಳಿದ ಊಟವನ್ನು ಹಸಿದವರಿಗೆ ತಲುಪಿಸುವ ಇನ್ನೊಂದು ಆ್ಯಪ್.

ಇಷ್ಟು ಉದ್ದದ ಬರಹದಲ್ಲಿ ಎರಡನೇ ಹೆಜ್ಜೆಗೆ, ಅಂದರೆ ಸಮಸ್ಯೆ ಗುರುತಿಸುವುದಕ್ಕೆ, ಸಿಕ್ಕಿದ್ದು ಎರಡೇ ಸಾಲು. 'ಮನೆಯಿಲ್ಲದವರಿಗೆ ರಾತ್ರಿ ಮಲಗಲು ಜಾಗ ಸಿಗುವುದಿಲ್ಲ, ಇದಕ್ಕೆ ಪರಿಹಾರ ಬೇಕು' ಅಂತ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನನ್ನ ತಕರಾರೆಲ್ಲ ಇಲ್ಲೇ ಇದೆ. ಈ ವಿಧಾನದಿಂದ ಮನೆಯಿಲ್ಲದವರಿಗೆ ಏನಾದರೂ ಉಪಯೋಗ ಆಗುವುದಿದ್ದರೆ ಅದು ಈ ಹೆಜ್ಜೆಯಲ್ಲೇ ಆಗಬೇಕು. ಪ್ರಶ್ನೆಯನ್ನು ಹೇಗೆ ಕೇಳಿದಿರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ನಿಮ್ಮ ಆ್ಯಪನ್ನೇ ತೆಗೆದುಕೊಳ್ಳೋಣ. ಆಶ್ರಯ ಕೇಂದ್ರದಲ್ಲಿ ಹಾಸಿಗೆ ಖಾಲಿ ಇದೆ. ಅದರ ಹತ್ತಿರವೇ ಫುಟ್‌ಪಾತ್ ಮೇಲೆ ಒಬ್ಬರು ಮಲಗಿದ್ದಾರೆ. 'ಹಾಸಿಗೆ ಖಾಲಿ ಇರುವುದನ್ನು ಅವರಿಗೆ ತಿಳಿಸುವುದು ಹೇಗೆ?' ಅಂತ ಕೇಳಿದರೆ ಆ್ಯಪ್ ಬಿಟ್ಟು ಬೇರೆ ಉತ್ತರ ಬರುವುದು ಕಷ್ಟ. ಈಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ. 'ಹಾಸಿಗೆ ಇದೆ ಅಂತ ಗೊತ್ತಿದ್ದೂ ಅವರು ಯಾಕೆ ಒಳಗೆ ಹೋಗುತ್ತಿಲ್ಲ?'

ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿರುವ ಉತ್ತರಗಳಿವೆ. ಗಂಡಹೆಂಡತಿಯನ್ನು ಬೇರೆ ಬೇರೆ ಕಡೆ ಮಲಗಿಸುತ್ತಾರೆ. ಜೊತೆಗಿರುವ ನಾಯಿಯನ್ನು ಒಳಗೆ ಬಿಡುವುದಿಲ್ಲ. ಗಂಟುಮೂಟೆ ಇಡಲು ಜಾಗವಿಲ್ಲ, ಇಟ್ಟರೂ ಬೆಳಿಗ್ಗೆ ಅಲ್ಲೇ ಇರುತ್ತದೆ ಅನ್ನುವ ಖಾತ್ರಿಯಿಲ್ಲ. ಸಂಜೆ ಇಷ್ಟು ಗಂಟೆಯೊಳಗೆ ಬರಬೇಕು ಅನ್ನುತ್ತಾರೆ, ಕೂಲಿ ಕೆಲಸ ಮುಗಿಯುವುದೇ ಆ ಹೊತ್ತಿನ ಮೇಲೆ. ಬೆಳಗಾದ ತಕ್ಷಣ ಹೊರಗೆ ಕಳಿಸುತ್ತಾರೆ, ರಾತ್ರಿ ಪಾಳಿಯವರು ಮಲಗಬೇಕಾದದ್ದೇ ಆಗ. ಕೆಲವರು ಹಿಂದೆ ಒಳಗೆ ಹೊಡೆತ ತಿಂದಿರುತ್ತಾರೆ. ಹೆಂಗಸರಿಗೆ ಅವರದೇ ಭಯಗಳಿರುತ್ತವೆ. ಇವುಗಳಲ್ಲಿ ಒಂದನ್ನಾದರೂ ಆ್ಯಪ್ ಬಗೆಹರಿಸುತ್ತದಾ? ಇಲ್ಲ. ಬೀಗ ಹಾಕುವ ಪೆಟ್ಟಿಗೆ ಬೇಕು, ಜೋಡಿಗಳಿಗೆ ಒಂದು ಕೋಣೆ ಬೇಕು, ಬಾಗಿಲು ಹಾಕುವ ಹೊತ್ತು ಬದಲಾಗಬೇಕು. ಇವೂ ಡಿಸೈನ್ ಕೆಲಸವೇ. ಅಂದಹಾಗೆ, ಬೀದಿಯಲ್ಲಿರುವವರ ಹತ್ತಿರ ಫೋನ್ ಇದ್ದರೂ ಚಾರ್ಜ್ ಮಾಡಲು ಜಾಗ ಹುಡುಕಬೇಕು, ಮಲಗಿದಾಗ ಅದು ಕಳುವಾಗುತ್ತದೆ, ನಂಬರ್ ಬದಲಾಗುತ್ತಿರುತ್ತದೆ. ನಿಮ್ಮ ಲೇಖನದಲ್ಲಿ ಈ ಮಾತೇ ಇಲ್ಲ.

ಇನ್ನೊಮ್ಮೆ ತಿರುಗಿಸಿ. 'ಒಬ್ಬ ಮನುಷ್ಯ ವರ್ಷಗಟ್ಟಲೆ ಆಶ್ರಯ ಕೇಂದ್ರದಲ್ಲೇ ಯಾಕೆ ಉಳಿಯಬೇಕಾಗಿದೆ?' ಈಗ ಬಾಡಿಗೆ, ಮುಂಗಡ ಹಣ, ಗುರುತಿನ ಚೀಟಿ, ವಿಳಾಸ ಇಲ್ಲದ್ದಕ್ಕೆ ಸಿಗದ ಕೆಲಸ ಎಲ್ಲವೂ ಎದುರಿಗೆ ಬರುತ್ತವೆ. ಅದೇ ಮನುಷ್ಯ, ಅದೇ ಫುಟ್‌ಪಾತ್. ಮೂರು ಪ್ರಶ್ನೆಗೆ ಮೂರು ಬೇರೆ ಬೇರೆ ಕೆಲಸ. ಓದುಗರಿಗೆ ನೀವು ತೋರಿಸಬೇಕಾಗಿದ್ದು ಇದನ್ನೇ ಅಲ್ವಾ?

ಪ್ರಶ್ನೆ ತಿರುಗಿಸಿದ್ದರ ದೊಡ್ಡ ಉದಾಹರಣೆ 'ಹೌಸಿಂಗ್ ಫಸ್ಟ್', ಅಂದರೆ 'ಮನೆ ಮೊದಲು'. ನಿಮ್ಮ ಲೇಖನದಲ್ಲಿ ಅದರ ಹೆಸರೇ ಇಲ್ಲ, ನನಗೆ ಅದು ಬಹಳ ಬೇಸರವಾಯಿತು. ಅಮೆರಿಕದಲ್ಲಿ ಹಿಂದೆ ನಡೆದುಬಂದ ಪದ್ಧತಿಯಲ್ಲಿ ಮೊದಲು ಕುಡಿತ ಬಿಡಬೇಕಿತ್ತು, ಚಿಕಿತ್ಸೆ ತೆಗೆದುಕೊಳ್ಳಬೇಕಿತ್ತು, ಒಂದೊಂದೇ ಹಂತ ದಾಟಿ ಬರಬೇಕಿತ್ತು. ಮನೆ ಸಿಗುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ. 'ಇವರನ್ನು ಮನೆಗೆ ತಕ್ಕವರನ್ನಾಗಿ ಮಾಡುವುದು ಹೇಗೆ?' ಅನ್ನುವುದೇ ಆಗಿನ ಪ್ರಶ್ನೆ. ಬೀದಿಯಲ್ಲಿರುವ ಮಾನಸಿಕ ಅಸ್ವಸ್ಥರ ನಡುವೆ ಕೆಲಸ ಮಾಡಿದ್ದ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು 1992ರಲ್ಲಿ ನ್ಯೂಯಾರ್ಕ್‌ನಲ್ಲಿ 'ಪಾತ್‌ವೇಸ್ ಟು ಹೌಸಿಂಗ್' ಎಂಬ ಸಂಸ್ಥೆ ಶುರು ಮಾಡಿ ಈ ಕ್ರಮವನ್ನು ತಲೆಕೆಳಗು ಮಾಡಿದರು. ಮನೆ ಮೊದಲು. ಚಿಕಿತ್ಸೆ ಪಡೆಯಲೇಬೇಕು ಅನ್ನುವ ಷರತ್ತಿಲ್ಲ, ನೆರವು ಬೇಕೆಂದವರಿಗೆ ಅದು ಜೊತೆಯಲ್ಲೇ ಸಿಗುತ್ತದೆ. ಕೆನಡಾ 2009ರಿಂದ ಐದು ನಗರಗಳಲ್ಲಿ 2,000ಕ್ಕೂ ಹೆಚ್ಚು ಜನರ ಜೊತೆ ಇದನ್ನು ಪರೀಕ್ಷಿಸಿ ನೋಡಿತು. ಮಾಮೂಲಿ ಸೇವೆ ಪಡೆದವರಿಗಿಂತ ಹೀಗೆ ಮನೆ ಪಡೆದವರು ಬಹಳ ಜಾಸ್ತಿ ಸಮಯ ಮನೆಯಲ್ಲೇ ನೆಲೆ ನಿಂತರು.

ಫಿನ್ಲೆಂಡ್ 2008ರಲ್ಲಿ ಇದನ್ನು ಸರ್ಕಾರದ ಕಾರ್ಯಕ್ರಮವಾಗಿ ಹಿಡಿಯಿತು. ಹೆಲ್ಸಿಂಕಿಯಲ್ಲಿ ಸಾಲು ಹಾಸಿಗೆಯ ಆಶ್ರಯ ಕೇಂದ್ರಗಳನ್ನು ಬಾಡಿಗೆ ಮನೆಗಳಾಗಿ ಬದಲಾಯಿಸಿದರು. ಅಲ್ಲಿರುವವರ ಹೆಸರಿನಲ್ಲೇ ಬಾಡಿಗೆ ಕರಾರು. 1987ರಲ್ಲಿ ಆ ದೇಶದಲ್ಲಿ ಮನೆಯಿಲ್ಲದವರು 18,000ಕ್ಕೂ ಹೆಚ್ಚಿದ್ದರು, 2023ರ ಲೆಕ್ಕದಲ್ಲಿ 3,500ಕ್ಕೂ ಕಡಿಮೆ. ಇದು ಒಂದು ಉಪಾಯದ ಪವಾಡ ಅಂತ ಮಾತ್ರ ಬರೆಯಬೇಡಿ. ಕೈಗೆಟುಕುವ ಬಾಡಿಗೆಯ ಮನೆಗಳನ್ನು ಅವರು ಹತ್ತಾರು ವರ್ಷ ಕಟ್ಟುತ್ತಲೇ ಬಂದಿದ್ದರು, ಕೊಳ್ಳುತ್ತಲೇ ಬಂದಿದ್ದರು. ಮನೆಯೇ ಇಲ್ಲದ ಕಡೆ 'ಮನೆ ಮೊದಲು' ಅಂದರೆ ಏನು ಪ್ರಯೋಜನ? ಈ ಕಷ್ಟದ ಭಾಗವೂ ನಿಮ್ಮ ಬರಹದಲ್ಲಿ ಇರಬೇಕು.

ಎರಡನೇ ಹೆಜ್ಜೆಯಲ್ಲಿ ಅಡಗಿರುವ ಇನ್ನೊಂದು ಪ್ರಶ್ನೆ, ಇದು ಯಾರಿಗಾಗಿ ಅನ್ನುವುದು. ಲಂಡನ್ನಿನ ಕ್ಯಾಮ್ಡೆನ್ ಆಡಳಿತ 2012ರಲ್ಲಿ ಕಾಂಕ್ರೀಟಿನ ಒಂದು ಬೆಂಚು ಹಾಕಿಸಿತು. ಅದರ ಮೈಯೆಲ್ಲ ಓರೆಕೋರೆ. ಕೂರಬಹುದು, ಮಲಗಲು ಆಗುವುದಿಲ್ಲ. ಅದನ್ನು ಮಾಡಿದವರೂ ಡಿಸೈನರ್‌ಗಳೇ. ಬಳಸುವವರು ಯಾರು ಅಂತ ತೀರ್ಮಾನ ಮಾಡುವಾಗ, ಅಲ್ಲಿ ರಾತ್ರಿ ಕಳೆಯುವ ಮನುಷ್ಯನನ್ನು ತೊಂದರೆಗಳ ಪಟ್ಟಿಗೆ ಸೇರಿಸಿಬಿಟ್ಟರು. ಡಿಸೈನ್ ಥಿಂಕಿಂಗ್ ತನ್ನಷ್ಟಕ್ಕೇ ಕರುಣೆಯ ವಿಧಾನ ಅಂತ ನೀವು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಯಾರ ಪರವಾಗಿ ಕೇಳುತ್ತೀರೋ ಅವರ ಪರವಾಗಿ ಅದು ಕೆಲಸ ಮಾಡುತ್ತದೆ.

ನಿಮ್ಮ ಟೆಂಟಿನ ಬಗ್ಗೆ ಹೇಳುವಾಗ ವೆರೋನಿಕಾ ಸ್ಕಾಟ್ ನೆನಪಾದರು. ಡೆಟ್ರಾಯಿಟ್‌ನಲ್ಲಿ ಡಿಸೈನ್ ಓದುತ್ತಿದ್ದಾಗ, ಮಲಗುವ ಚೀಲವಾಗಿ ಬದಲಾಗುವ ಒಂದು ಕೋಟನ್ನು ಮನೆಯಿಲ್ಲದವರಿಗಾಗಿ ಮಾಡಿದವರು ಅವರು. ನಿಮ್ಮ ಉಪಾಯಕ್ಕೆ ಹತ್ತಿರದ್ದೇ. ಆಶ್ರಯ ಕೇಂದ್ರವೊಂದರಲ್ಲಿ ಒಬ್ಬ ಹೆಂಗಸು ಅವರ ಮೇಲೆ ರೇಗಿದರು, ನಮಗೆ ಬೇಕಾಗಿರುವುದು ಕೋಟಲ್ಲ, ಕೆಲಸ ಅಂತ. ಸ್ಕಾಟ್ ಅದನ್ನು ಅವಮಾನ ಅಂದುಕೊಳ್ಳದೆ ಉತ್ತರ ಅಂತ ತೆಗೆದುಕೊಂಡರು. ಅವರು ಕಟ್ಟಿದ 'ಎಂಪವರ್‌ಮೆಂಟ್ ಪ್ಲಾನ್' ಸಂಸ್ಥೆಯಲ್ಲಿ ಆ ಕೋಟು ಹೊಲಿಯುವ ಕೆಲಸ ಸಿಗುವುದು ಮನೆ ಕಳೆದುಕೊಂಡವರಿಗೇ. ಕೋಟು ಹೆಚ್ಚುಕಡಿಮೆ ಅದೇ, ಪ್ರಶ್ನೆ ಬದಲಾಯಿತು. ನಿಮ್ಮ ಟೆಂಟನ್ನು ಯಾರಿಗಾದರೂ ತೋರಿಸಿದಿರಾ? ಅವರು ಏನಂದರು? ಬೈದಿದ್ದರೂ ಪರವಾಗಿಲ್ಲ, ಅದನ್ನೇ ಬರೆಯಿರಿ.

ಚಿಕ್ಕ ಉಪಾಯಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 2014ರಲ್ಲಿ ಇಬ್ಬರು ಹುಡುಗರು ವ್ಯಾನಿನೊಳಗೆ ವಾಷಿಂಗ್ ಮೆಷಿನ್ ಇಟ್ಟುಕೊಂಡು, ಬೀದಿಯಲ್ಲಿರುವವರ ಬಟ್ಟೆ ಒಗೆದುಕೊಡಲು ಹೊರಟರು. ಅದೇ 'ಆರೆಂಜ್ ಸ್ಕೈ'. ಬಟ್ಟೆ ಒಗೆದು ಒಣಗುವವರೆಗೆ ಕುರ್ಚಿ ಹಾಕಿಕೊಂಡು ಜೊತೆಗೆ ಕೂರುತ್ತಿದ್ದರು. ಆ ಹೊತ್ತಿನ ಮಾತುಕತೆಯೇ ಜನರಿಗೆ ಬಟ್ಟೆಯಷ್ಟೇ ಬೇಕಾಗಿತ್ತು ಅಂತ ಕೆಲಸ ಮಾಡುತ್ತಾ ಗೊತ್ತಾಯಿತು. ಒಗೆದ ಬಟ್ಟೆಯಿಂದ ಯಾರಿಗೂ ಮನೆ ಸಿಗುವುದಿಲ್ಲ. ಆದರೆ ಶುಭ್ರ ಬಟ್ಟೆ ಹಾಕಿಕೊಂಡು ನಾಲ್ಕು ಜನರ ನಡುವೆ ಕೂರುವುದು ಸಣ್ಣ ವಿಷಯವಲ್ಲ. ನಿಮ್ಮ ಉಪಾಯ ಇವತ್ತಿನ ರಾತ್ರಿಯನ್ನು ಹಗುರ ಮಾಡುತ್ತದಾ, ಮನೆಗೆ ದಾರಿ ಮಾಡುತ್ತದಾ? ಯಾವುದಾದರೂ ಸರಿ. ಒಂದನ್ನು ಇನ್ನೊಂದು ಅಂತ ಹೇಳಬೇಡಿ.

ಮೊದಲ ಹೆಜ್ಜೆಯ ಬಗ್ಗೆಯೂ ಸ್ವಲ್ಪ ಹೇಳಬೇಕು. ನಿಮ್ಮ ತಂಡ ಒಂದು ರಾತ್ರಿ ಫುಟ್‌ಪಾತ್ ಮೇಲೆ ಮಲಗಿ 'ಅವರ ನೋವು ಅರಿತೆವು' ಅಂತ ಬರೆದಿದ್ದೀರಿ. ಆ ವಾಕ್ಯ ತೆಗೆಯಿರಿ. ನಿಮಗೆ ಬೆಳಿಗ್ಗೆ ಹೋಗಲು ಮನೆಯಿತ್ತು, ಜೇಬಿನಲ್ಲಿ ಫೋನಿತ್ತು. ಚಳಿ, ಸೊಳ್ಳೆ, ಗದ್ದಲ ಗೊತ್ತಾಗಿರಬಹುದು. ಇದು ಎಂದು ಮುಗಿಯುತ್ತದೋ ಅನ್ನುವ ಸಂಕಟ ಗೊತ್ತಾಗಲು ಸಾಧ್ಯವಿಲ್ಲ. ನೀವು ಕಲ್ಪಿಸಿಕೊಂಡ 'ಬಳಕೆದಾರ'ನೂ ಐವತ್ತು ದಾಟಿದ, ಗಡ್ಡ ಬಿಟ್ಟ, ಕುಡಿಯುವ ಗಂಡಸು. ಬೀದಿಯಲ್ಲಿ ಕಣ್ಣಿಗೆ ಬೀಳುವವರು ಒಂದು ಭಾಗ ಮಾತ್ರ. ನೆಂಟರ ಮನೆಯ ಮೂಲೆಯಲ್ಲಿ, ಗೆಳೆಯರ ಹತ್ತಿರ, ವಾಹನದೊಳಗೆ ದಿನ ದೂಡುವವರೂ ಮನೆಯಿಲ್ಲದವರೇ. ಮಕ್ಕಳನ್ನು ಕಟ್ಟಿಕೊಂಡ ತಾಯಂದಿರು ಬೇಕೆಂದೇ ಯಾರ ಕಣ್ಣಿಗೂ ಬೀಳದ ಹಾಗೆ ಇರುತ್ತಾರೆ. ನಿಮ್ಮ ಟೆಂಟು ಇವರಲ್ಲಿ ಯಾರಿಗೆ?

ಪರೀಕ್ಷೆಯ ಹೆಜ್ಜೆಯಲ್ಲಿ 'ಬೇಗ ಸೋಲಿ, ಬೇಗ ಕಲಿಯಿರಿ' ಅಂತ ಉತ್ಸಾಹದಿಂದ ಬರೆದಿದ್ದೀರಿ. ಮೊಬೈಲ್ ಆಟ ಮಾಡುವವರಿಗೆ ಈ ಮಾತು ಸರಿ. ಇಲ್ಲಿ ಸೋಲುವುದು ನೀವು, ಪೆಟ್ಟು ಬೀಳುವುದು ಅವರಿಗೆ. ಡಿಸೈನ್ ಮತ್ತು ನಗರ ಯೋಜನೆಯ ಪ್ರಾಧ್ಯಾಪಕರಾದ ಹೋರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬರ್ 1973ರಲ್ಲೇ ಬರೆದಿದ್ದರು: ಇಂಥ ಸಾಮಾಜಿಕ ಸಮಸ್ಯೆಗಳಲ್ಲಿ ಸುಮ್ನೆ ಪ್ರಯೋಗ ಮಾಡಿ ನೋಡುತ್ತೇನೆ ಅನ್ನುವ ಹಾಗಿಲ್ಲ, ಮಾಡಿದ್ದೆಲ್ಲ ಗುರುತು ಉಳಿಸಿ ಹೋಗುತ್ತದೆ. ಹತ್ತು ಜನರಿಗೆ ಟೆಂಟು ಕೊಟ್ಟು, ಪ್ರಯೋಗ ಮುಗಿಯಿತು ಅಂತ ವಾಪಸ್ ತೆಗೆದುಕೊಂಡರೆ ಅವರು ಆ ರಾತ್ರಿ ಎಲ್ಲಿ ಮಲಗಬೇಕು? ಬೇಡ ಅನ್ನುವ ಸ್ವಾತಂತ್ರ್ಯ ಅವರಿಗೆ ನಿಜವಾಗಿ ಇತ್ತಾ? ನಿಮ್ಮ ಜೊತೆ ಕಳೆದ ಹೊತ್ತಿಗೆ ಹಣ ಕೊಟ್ಟಿರಾ? ಗೆಳೆಯರ ಹೊತ್ತಿಗೆ ಬೆಲೆ ಇರುವ ಹಾಗೆ ಅವರ ಹೊತ್ತಿಗೂ ಇದೆ. ಇನ್ನೂ ಒಳ್ಳೆಯದು ಅಂದರೆ, ಬೀದಿಯಲ್ಲಿ ಬದುಕಿ ಬಂದವರನ್ನೇ ತಂಡಕ್ಕೆ ಸೇರಿಸಿಕೊಳ್ಳುವುದು. ಪ್ರಶ್ನೆ ಬರೆಯುವಾಗಲೇ ಅವರು ಮೇಜಿನ ಹತ್ತಿರ ಇರಬೇಕು, ಉತ್ತರ ಸಿದ್ಧವಾದ ಮೇಲೆ ಅಲ್ಲ.

ಇನ್ನು ಬರವಣಿಗೆಯ ಮಾತು. ಐದು ಹೆಜ್ಜೆಗಳ ವಿವರಣೆಯನ್ನು ಒಂದು ಪ್ಯಾರಾಕ್ಕೆ ಇಳಿಸಿ, ಅದು ಎಲ್ಲ ಕಡೆ ಸಿಗುತ್ತದೆ. ಬಣ್ಣದ ಚೀಟಿಗಳ ವರ್ಣನೆ ಪೂರ್ತಿ ಬೇಡ. ಊಟದ ಆ್ಯಪ್ ಬಿಟ್ಟುಬಿಡಿ, ಅದು ಬೇರೆಯೇ ಲೇಖನ. 'ಅವರು', 'ಇಂಥವರು', 'ಈ ವರ್ಗದ ಜನ' ಅಂತ ಎಲ್ಲರನ್ನೂ ಒಂದೇ ರಾಶಿಗೆ ಹಾಕಿದ ಕಡೆಯೆಲ್ಲ ಗೆರೆ ಎಳೆದಿದ್ದೇನೆ, ಅಲ್ಲೆಲ್ಲ ಒಬ್ಬ ನಿಜವಾದ ಮನುಷ್ಯ ಬರಬೇಕು. ಒಪ್ಪಿಗೆ ಪಡೆದೇ ಬರೆಯಿರಿ. ಹೆಸರು, ಮಲಗುವ ಜಾಗ, ಗುರುತು ಸಿಗುವ ವಿವರ ಯಾವುದೂ ಬೇಡ, ಅದರಿಂದ ಅವರಿಗೆ ಅಪಾಯ ಆಗಬಹುದು.

ಆಶ್ರಯ ಕೇಂದ್ರದ ಹಾಸಿಗೆಯ ವಿಷಯ ಒಂದನ್ನೇ ಹಿಡಿದುಕೊಳ್ಳಿ. ಒಳಗೆ ಹೋಗದವರನ್ನು, ಒಳಗಿರುವವರನ್ನು, ಬಾಗಿಲು ಕಾಯುವ ಸಿಬ್ಬಂದಿಯನ್ನು ಮಾತಾಡಿಸಿ. ನಿಮ್ಮ ಪ್ರಶ್ನೆ ಮೊದಲು ಹೇಗಿತ್ತು, ಯಾರ ಮಾತಿನಿಂದ ಹೇಗೆ ಬದಲಾಯಿತು ಅನ್ನುವುದನ್ನು ಬರೆಯಿರಿ. ಉಪಾಯ ಒಂದೂ ಸಿಗದಿದ್ದರೂ ಕಳಿಸಿ. ಅವಸರ ಬೇಡ, ಎಷ್ಟು ತಿಂಗಳಾದರೂ ಈ ವಿಷಯಕ್ಕೆ ನಮ್ಮಲ್ಲಿ ಜಾಗ ಇರುತ್ತದೆ. ಮುಂದಿನ ಕರಡನ್ನೂ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ